ಸೋರಿಯಾಸಿಸ್‌ಗೆ ಜೀರ್ಣಕಿಣ್ವದ ಮಾತ್ರೆ: ಎಷ್ಟು ನಿಜ, ಎಷ್ಟು ನಂಬಿಕೆ?

ಕಳೆದ ಮಾಗಿಯ ಚಳಿಯಲ್ಲಿ ಗಂಡಸಿ ಸಮೀಪದ ಹಳ್ಳಿಯ ರೈತರೊಬ್ಬರನ್ನು ಅವರ ಮಗ ನನ್ನಲ್ಲಿಗೆ ಕರೆತಂದ. ಸುಮಾರು ಐವತ್ತೈದು ವರ್ಷ ವಯಸ್ಸು, ತೆಂಗಿನ ತೋಟ ಇಟ್ಟುಕೊಂಡವರು. ಕಂಬಳಿ ಹೊದ್ದು ನಡುಗುತ್ತಿದ್ದರು. ಕಂಬಳಿ ಸರಿಸಿ ನೋಡಿದರೆ ಕುತ್ತಿಗೆಯಿಂದ ಪಾದದವರೆಗೆ ಮೈಯೆಲ್ಲ ಕೆಂಪಾಗಿ, ಹೊಟ್ಟಿನಂತೆ ಚರ್ಮ ಉದುರುತ್ತಿತ್ತು. ಕಾಲುಗಳು ಊದಿಕೊಂಡಿದ್ದವು. ನಾಡಿ ವೇಗವಾಗಿ ಓಡುತ್ತಿತ್ತು.

ಅವರಿಗೆ ಸೋರಿಯಾಸಿಸ್ ಇರುವುದು ನನಗೆ ಹೊಸ ವಿಷಯವಾಗಿರಲಿಲ್ಲ. ಹನ್ನೆರಡು ವರ್ಷದಿಂದ ಮೊಣಕೈ, ಮೊಣಕಾಲು, ತಲೆಯಲ್ಲಿ ಇತ್ತು. ಹಾಸನದ ಚರ್ಮರೋಗ ತಜ್ಞರು ಕೊಟ್ಟಿದ್ದ ವಾರಕ್ಕೊಮ್ಮೆಯ ಮಾತ್ರೆಯಿಂದ ಬಹುಮಟ್ಟಿಗೆ ಹತೋಟಿಯಲ್ಲಿತ್ತು. ಮಾತ್ರೆ ನಿಲ್ಲಿಸಿದಿರಾ ಎಂದು ಕೇಳಿದೆ. ಮಗ ತಲೆ ತಗ್ಗಿಸಿದ. ಮೂರು ತಿಂಗಳ ಹಿಂದೆ ಒಂದು 'ಆರೋಗ್ಯ ಶಿಬಿರ'ಕ್ಕೆ ಹೋಗಿದ್ದರಂತೆ. "ಚರ್ಮದ ಕಾಯಿಲೆಯ ಬೇರು ಹೊಟ್ಟೆಯಲ್ಲಿದೆ. ತಿಂದದ್ದು ಸರಿಯಾಗಿ ಅರಗದೆ ನಂಜಾಗಿ ರಕ್ತ ಸೇರುತ್ತದೆ. ಈ ಕಿಣ್ವದ ಮಾತ್ರೆ, ಈ ಪುಡಿ, ಈ ಕ್ಯಾಪ್ಸೂಲ್ ತೆಗೆದುಕೊಳ್ಳಿ. ಇಂಗ್ಲಿಷ್ ಔಷಧಿ ಬಿಡಿ" ಎಂದು ಅಲ್ಲಿ ಹೇಳಿದರಂತೆ. ಮೂರು ತಿಂಗಳ ಪೊಟ್ಟಣಕ್ಕೆ ಎಂಟು ಸಾವಿರ ರೂಪಾಯಿ ಕೊಟ್ಟಿದ್ದರು.

"ಮೊದಲ ತಿಂಗಳು ಚೆನ್ನಾಗೇ ಇತ್ತು ಸಾರ್. ಆಮೇಲೆ ಜಾಸ್ತಿಯಾದಾಗ ಕೇಳಿದ್ವಿ. ನಂಜು ಹೊರಗೆ ಬರ್ತಾ ಇದೆ, ಹೆದರಬೇಡಿ ಅಂದ್ರು" ಎಂದ ಮಗ. ಕಂಬಳಿಯೊಳಗಿಂದ ತಂದೆ ನಿಧಾನವಾಗಿ ಹೇಳಿದ ಮಾತು ನನಗೆ ನಾಟಿತು: "ನೀವೂ ಕೊಟ್ಟಿದ್ರಲ್ಲ ಡಾಕ್ಟ್ರೇ, ಊಟ ಆದ್ಮೇಲೆ ಕುಡಿಯೋ ಟಾನಿಕ್ಕು. ಅದೂ ಇದೂ ಒಂದೇ ಅಂದ್ರು. ಅದಕ್ಕೇ ನಂಬಿದೆ."

ಅವರು ಹೇಳಿದ್ದು ನಿಜ. ಹಿಂದೊಮ್ಮೆ ಹೊಟ್ಟೆ ಉಬ್ಬರವೆಂದು ಬಂದಾಗ ನಾನೇ ಜೀರ್ಣಕಿಣ್ವದ ಟಾನಿಕ್ ಬರೆದುಕೊಟ್ಟಿದ್ದೆ. ಅದು ಏಕೆ, ಯಾವುದಕ್ಕೆ ಎಂದು ಬಿಡಿಸಿ ಹೇಳಿರಲಿಲ್ಲ. ಅಂದೇ ಅವರನ್ನು ಹಾಸನದ ಆಸ್ಪತ್ರೆಗೆ ಕಳುಹಿಸಿದೆ. ಒಳರೋಗಿಯಾಗಿದ್ದು ಗುಣಮುಖರಾಗಿ ಬಂದರು. ಅಂದು ಹೇಳದೆ ಉಳಿದದ್ದನ್ನು ಈ ವಾರ ನಿಮಗೆಲ್ಲ ಹೇಳಬೇಕೆನಿಸಿದೆ.

ಸೋರಿಯಾಸಿಸ್ ಎಂದರೇನು?

ನಮ್ಮ ಚರ್ಮದ ಮೇಲ್ಪದರ ಸದಾ ಹೊಸದಾಗುತ್ತಿರುತ್ತದೆ. ಕೆಳಗಿನ ಪದರದಲ್ಲಿ ಹುಟ್ಟಿದ ಜೀವಕೋಶ ಮೇಲಕ್ಕೆ ಬಂದು ಉದುರಿಹೋಗಲು ಸಾಧಾರಣವಾಗಿ ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಇದೇ ಕೆಲಸ ಮೂರರಿಂದ ಐದು ದಿನಗಳಲ್ಲಿ ಮುಗಿಯುತ್ತದೆ. ಬಲಿಯದ ಕೋಶಗಳು ಒಂದರ ಮೇಲೊಂದು ಪೇರಿಸಿಕೊಂಡು ಬೆಳ್ಳಿಯ ಬಣ್ಣದ ಹೊಪ್ಪಳೆಗಳಾಗುತ್ತವೆ. ಅದರಡಿಯ ಚರ್ಮ ಕೆಂಪಾಗಿ ದಪ್ಪವಾಗಿರುತ್ತದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಕೆಂಪಿಗಿಂತ ನೇರಳೆ ಅಥವಾ ಕಪ್ಪು ಛಾಯೆ ಕಾಣಬಹುದು.

ಚರ್ಮ ಇಷ್ಟು ಅವಸರಪಡಲು ಕಾರಣ ರೋಗನಿರೋಧಕ ವ್ಯವಸ್ಥೆಯ ಎಡವಟ್ಟು. ರೋಗಾಣುಗಳ ಮೇಲೆ ಹೋರಾಡಬೇಕಾದ ಬಿಳಿ ರಕ್ತಕಣಗಳು ಕಾರಣವಿಲ್ಲದೆ ಚರ್ಮದಲ್ಲಿ ಉರಿಯೂತವನ್ನು ಎಬ್ಬಿಸುತ್ತವೆ. ಇಂಟರ್‌ಲ್ಯೂಕಿನ್-17, ಇಂಟರ್‌ಲ್ಯೂಕಿನ್-23 ಎಂಬ ರಾಸಾಯನಿಕ ಸಂದೇಶಗಳು ಈ ಉರಿಗೆ ಗಾಳಿ ಊದುತ್ತವೆ. ಈ ಪ್ರವೃತ್ತಿ ವಂಶದಲ್ಲಿ ಬರಬಹುದು. ಆದರೆ ತಂದೆಗಿದ್ದರೆ ಮಗನಿಗೆ ಬಂದೇ ಬರುತ್ತದೆಂದಿಲ್ಲ.

ಪ್ರವೃತ್ತಿ ಇದ್ದವರಲ್ಲಿ ರೋಗವನ್ನು ಕೆಣಕುವ ಸಂಗತಿಗಳು ಹಲವು. ಗಂಟಲಿನ ಸೋಂಕು, ಮಾನಸಿಕ ಒತ್ತಡ, ಮದ್ಯಪಾನ, ಧೂಮಪಾನ, ಬೊಜ್ಜು, ಒಣ ಚಳಿ, ಚರ್ಮಕ್ಕೆ ಆಗುವ ಗಾಯ. ತೆಂಗಿನಕಾಯಿ ಸುಲಿಯುವಾಗ ಕೈಗೆ ಆದ ತರಚಿನ ಗೆರೆಯಲ್ಲೇ ಹೊಸ ಹೊಪ್ಪಳೆ ಎದ್ದಿದ್ದನ್ನು ನಾನು ಕಂಡಿದ್ದೇನೆ. ಲಿಥಿಯಂ, ಬೀಟಾ ಬ್ಲಾಕರ್ ಗುಂಪಿನ ರಕ್ತದೊತ್ತಡದ ಮಾತ್ರೆ, ಕ್ಲೋರೋಕ್ವಿನ್ ಮುಂತಾದ ಔಷಧಿಗಳೂ ಕೆಲವರಲ್ಲಿ ಇದನ್ನು ಹೆಚ್ಚಿಸುತ್ತವೆ. ಹಾಗೆಂದು ರಕ್ತದೊತ್ತಡದ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಸೋರಿಯಾಸಿಸ್ ಅಂಟುರೋಗವಲ್ಲ. ಕೈ ಕುಲುಕಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಿಲ್ಲ. ಹುಳುಕಡ್ಡಿ, ಗಜಕರ್ಣಗಳಂತೆ ಹರಡುವ ಕಾಯಿಲೆ ಇದಲ್ಲ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳ ಮಹಾಸಭೆ ಸೋರಿಯಾಸಿಸ್ಸನ್ನು ಗಂಭೀರವಾದ, ಅಂಟದ ದೀರ್ಘಕಾಲದ ಕಾಯಿಲೆಯೆಂದು ನಿರ್ಣಯ ಮಾಡಿ ಒಪ್ಪಿಕೊಂಡಿತು. ಆದರೂ ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂರದೆ ಎದ್ದು ಹೋಗುವವರು ಇಂದಿಗೂ ಇದ್ದಾರೆ. ರೋಗಿ ಯಾವ ಪೊಟ್ಟಣವನ್ನಾದರೂ ನಂಬಿ ಹಣ ಸುರಿಯುವುದರ ಹಿಂದೆ ಈ ಅವಮಾನವೂ ಇದೆ.

ನಂಜು ಎಂಬ ಮಾತು

ನಮ್ಮ ಕಡೆ ಮೈಮೇಲೆ ಏನೇ ಎದ್ದರೂ ಮೊದಲ ಪಥ್ಯ 'ನಂಜಿನ ಪದಾರ್ಥ ಬಿಡು' ಎಂದು. ಬದನೆಕಾಯಿ, ಕುಂಬಳಕಾಯಿ, ಹಲಸು, ಮೀನು, ಮೊಟ್ಟೆ, ಒಂದೊಂದು ಮನೆಯಲ್ಲಿ ಒಂದೊಂದು ಪಟ್ಟಿ. ಹಿರಿಯರ ಈ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯಾವುದೋ ಒಂದು ಪದಾರ್ಥ ತಿಂದಾಗಲೆಲ್ಲ ತುರಿಕೆ ಹೆಚ್ಚುವುದನ್ನು ನೀವೇ ಗಮನಿಸಿದ್ದರೆ ಅದನ್ನು ಬಿಡುವುದರಲ್ಲಿ ತಪ್ಪಿಲ್ಲ. ಆದರೆ ಬದನೆಕಾಯಿ ತಿಂದದ್ದರಿಂದ ಸೋರಿಯಾಸಿಸ್ ಬರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಪಟ್ಟಿ ಉದ್ದವಾದಷ್ಟೂ ಊಟ ಬಡವಾಗುತ್ತದೆ ಅಷ್ಟೆ. ಮೀನು, ಮೊಟ್ಟೆ, ಕಾಳು ಎಲ್ಲವನ್ನೂ ಬಿಟ್ಟು ರಕ್ತಹೀನತೆ ತಂದುಕೊಂಡ ಹೆಣ್ಣುಮಕ್ಕಳು ನನ್ನ ರೋಗಿಗಳಲ್ಲಿದ್ದಾರೆ.

ಇಂದಿನ ಪೊಟ್ಟಣದ ವ್ಯಾಪಾರಿಗಳು ಮಾಡಿರುವುದು ಇಷ್ಟೆ. ನಮ್ಮ 'ನಂಜು' ಎಂಬ ಹಳೆಯ ಮಾತಿಗೆ 'ಟಾಕ್ಸಿನ್' ಎಂಬ ಹೊಸ ಅಂಗಿ ತೊಡಿಸಿದ್ದಾರೆ. ಅರಗದ ಆಹಾರ ಕರುಳಿನಲ್ಲಿ ಕೊಳೆತು, ಸೋರುವ ಕರುಳಿನ ಗೋಡೆಯಿಂದ ರಕ್ತಕ್ಕೆ ಇಳಿದು, ಚರ್ಮದಲ್ಲಿ ಹೊರಬೀಳುತ್ತದೆ ಎಂಬುದು ಅವರ ವಿವರಣೆ.

ಹೊಟ್ಟೆಗೂ ಚರ್ಮಕ್ಕೂ ನಂಟೇ ಇಲ್ಲವೇ ಎಂದು ನೀವು ಕೇಳಬಹುದು. ನಂಟಿದೆ. ಸೋರಿಯಾಸಿಸ್ ಇರುವವರಲ್ಲಿ ಕ್ರಾನ್ಸ್ ಕಾಯಿಲೆ ಎಂಬ ಕರುಳಿನ ಉರಿಯೂತ ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಗೋಧಿಯ ಗ್ಲುಟನ್ ಅಂಶ ಒಗ್ಗದ ಸೀಲಿಯಾಕ್ ಕಾಯಿಲೆಯೂ ಹಾಗೆಯೇ. ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳ ಸಮೂಹವೂ ಸೋರಿಯಾಸಿಸ್ ರೋಗಿಗಳಲ್ಲಿ ಬೇರೆ ರೀತಿಯಲ್ಲಿರುವುದು ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಎರಡು ಸಂಗತಿಗಳು ಜೊತೆಯಲ್ಲಿ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ. ಎರಡಕ್ಕೂ ಮೂಲ ಒಂದೇ ರೋಗನಿರೋಧಕ ದೋಷವಿರಬಹುದು. ಆ ನಂಟು ಜೀರ್ಣಕಿಣ್ವದ ಕೊರತೆಯಿಂದ ಬಂದದ್ದೆಂದು ಯಾರೂ ತೋರಿಸಿಲ್ಲ.

ಜೀರ್ಣಕಿಣ್ವಗಳ ಕೆಲಸವೇನು?

ಕಿಣ್ವ ಎಂದರೆ ದೇಹದ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನು. ಮುದ್ದೆಯನ್ನು ಬಾಯಲ್ಲಿಟ್ಟ ಕೂಡಲೇ ಜೊಲ್ಲಿನ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯಲಾರಂಭಿಸುತ್ತದೆ. ಜಠರದಲ್ಲಿ ಪೆಪ್ಸಿನ್ ಪ್ರೋಟೀನನ್ನು ಒಡೆಯುತ್ತದೆ. ಬಹುಪಾಲು ಕೆಲಸ ಆಗುವುದು ಸಣ್ಣ ಕರುಳಿನಲ್ಲಿ. ಮೇದೋಜೀರಕ ಗ್ರಂಥಿ ಅಲ್ಲಿಗೆ ಪಿಷ್ಟ, ಪ್ರೋಟೀನು, ಕೊಬ್ಬು ಮೂರನ್ನೂ ಒಡೆಯುವ ಕಿಣ್ವಗಳನ್ನು ಸುರಿಸುತ್ತದೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕರುಳಿನ ಗೋಡೆಯಲ್ಲೇ ಇರುತ್ತದೆ.

ದೇವರು ಈ ಗ್ರಂಥಿಗೆ ಧಾರಾಳ ಮನಸ್ಸು ಕೊಟ್ಟಿದ್ದಾನೆ. ನಮಗೆ ಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಿಣ್ವವನ್ನು ಅದು ತಯಾರಿಸುತ್ತದೆ. ಗ್ರಂಥಿಯ ಬಹುಭಾಗ ಹಾಳಾಗುವವರೆಗೂ ಜೀರ್ಣಕ್ಕೆ ತೊಂದರೆಯಾಗುವುದಿಲ್ಲ. ಆರೋಗ್ಯವಾಗಿರುವ ಗ್ರಂಥಿಗೆ ಹೊರಗಿನಿಂದ ಮಾತ್ರೆ ಸೇರಿಸುವುದು ಕೆರೆ ಕೋಡಿ ಬಿದ್ದಿರುವಾಗ ಒಂದು ಕೊಡ ನೀರು ಸುರಿದಂತೆ.

ನುಂಗಿದ ಕಿಣ್ವ ಎಲ್ಲಿಗೆ ಹೋಗುತ್ತದೆ? ಅದೂ ಒಂದು ಪ್ರೋಟೀನೇ. ಕಾಳಿನ ಪ್ರೋಟೀನಿಗೆ ಆಗುವ ಗತಿಯೇ ಅದಕ್ಕೂ ಆಗುತ್ತದೆ. ಜಠರದ ಆಮ್ಲದಿಂದ ತಪ್ಪಿಸಿಕೊಳ್ಳಲು ಮೇಲುಲೇಪನ ಮಾಡಿದ ಮಾತ್ರೆಯಾದರೆ ಕರುಳಿನವರೆಗೆ ಹೋಗಿ ಅಲ್ಲಿನ ಆಹಾರವನ್ನು ಒಡೆಯುತ್ತದೆ, ಬಳಿಕ ತಾನೂ ಒಡೆದುಹೋಗುತ್ತದೆ. ಅದು ರಕ್ತಕ್ಕೆ ಸೇರಿ, ಮೊಣಕೈ ಚರ್ಮಕ್ಕೆ ತಲುಪಿ, ಅಲ್ಲಿನ ಬಿಳಿ ರಕ್ತಕಣಗಳ ಜಗಳವನ್ನು ಬಿಡಿಸುವುದಿಲ್ಲ. ಜೀರ್ಣಕಿಣ್ವದ ಮಾತ್ರೆಯಿಂದ ಸೋರಿಯಾಸಿಸ್ ಹತೋಟಿಗೆ ಬರುತ್ತದೆಂದು ಒಪ್ಪಬಹುದಾದ ಪುರಾವೆ ಇಲ್ಲ.

ಹಾಗಾದರೆ ಆ ರೈತರಿಗೆ ಮೊದಲ ತಿಂಗಳು ಚೆನ್ನಾಗಿದ್ದುದು ಹೇಗೆ? ಕೆದಕಿ ಕೇಳಿದಾಗ ಉತ್ತರ ಸಿಕ್ಕಿತು. ಶಿಬಿರದವರು ಕುಡಿತ ಬಿಡಿಸಿದ್ದರು. ಅದು ಒಳ್ಳೆಯ ಸಲಹೆಯೇ. ಜೊತೆಗೆ ಹಳೆಯ ಮಾತ್ರೆಯ ಪರಿಣಾಮ ನಿಲ್ಲಿಸಿದ ಮರುದಿನವೇ ಮಾಯವಾಗುವುದಿಲ್ಲ, ಕೆಲವು ವಾರ ಉಳಿಯುತ್ತದೆ. ಸೋರಿಯಾಸಿಸ್ ತಾನಾಗಿಯೂ ಏರಿಳಿಯುವ ಕಾಯಿಲೆ. ಹೀಗೆ ಬೇರೆಯವರು ದುಡಿದ ಹೆಸರನ್ನು ಪೊಟ್ಟಣ ಗಿಟ್ಟಿಸಿಕೊಂಡಿತು. ಮೂರನೆಯ ತಿಂಗಳ ಹೊತ್ತಿಗೆ ತಡೆಯುವವರು ಯಾರೂ ಉಳಿದಿರಲಿಲ್ಲ.

ಕಿಣ್ವದ ಮಾತ್ರೆ ಯಾರಿಗೆ ಬೇಕು?

ಇದು ನಿರುಪಯುಕ್ತ ಔಷಧಿ ಎಂದು ನಾನು ಹೇಳುತ್ತಿಲ್ಲ. ಮೇದೋಜೀರಕ ಗ್ರಂಥಿ ದೀರ್ಘಕಾಲದ ಉರಿಯೂತದಿಂದ ಹಾಳಾದವರಿಗೆ, ಶಸ್ತ್ರಕ್ರಿಯೆಯಲ್ಲಿ ಅದನ್ನು ತೆಗೆದವರಿಗೆ ಇದು ಅನ್ನದಷ್ಟೇ ಅವಶ್ಯ. ದಕ್ಷಿಣ ಭಾರತದಲ್ಲಿ ಮದ್ಯ ಮುಟ್ಟದ ಕಿರಿಯರಲ್ಲೂ ಈ ಗ್ರಂಥಿ ಹಾಳಾಗುವ ಒಂದು ಬಗೆಯ ಕಾಯಿಲೆ ಇದೆ. ಹೊಟ್ಟೆಯ ಮೇಲ್ಭಾಗದಲ್ಲಿ ಬೆನ್ನಿಗೆ ಹಾಯುವ ನೋವು, ಎಣ್ಣೆಯಂತೆ ಜಿಡ್ಡಾಗಿ ನೀರಿನಲ್ಲಿ ತೇಲುವ ದುರ್ವಾಸನೆಯ ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ಜೊತೆಗೆ ಸಕ್ಕರೆ ಕಾಯಿಲೆ ಇವು ಅದರ ಲಕ್ಷಣಗಳು. ಇಂಥವರು ಅಂಗಡಿಯ ಟಾನಿಕ್ ಕುಡಿಯುತ್ತ ಕೂರದೆ ಪರೀಕ್ಷೆ ಮಾಡಿಸಬೇಕು. ಹಾಲು ಕುಡಿದಾಗ ಹೊಟ್ಟೆ ಗುಡುಗುಟ್ಟಿ ಭೇದಿಯಾಗುವವರಿಗೆ ಲ್ಯಾಕ್ಟೇಸ್ ಕೊರತೆ ಇರಬಹುದು. ಅವರು ಹಾಲಿನ ಬದಲು ಮಜ್ಜಿಗೆ ಕುಡಿದರೆ ಸಾಮಾನ್ಯವಾಗಿ ಸಾಕು.

ವಿಟಮಿನ್, ಮೀನೆಣ್ಣೆ, ಅರಿಶಿನ

ಪೊಟ್ಟಣದಲ್ಲಿ ಕಿಣ್ವದ ಜೊತೆ ಇನ್ನೂ ಏನೇನೋ ಇರುತ್ತವೆ. ಒಂದೊಂದಾಗಿ ನೋಡೋಣ.

ವಿಟಮಿನ್-ಡಿ: ಇದರ ರೂಪಾಂತರವಾದ ಕ್ಯಾಲ್ಸಿಪೋಟ್ರಿಯಾಲ್ ಮುಲಾಮು ಹೊಪ್ಪಳೆಗಳ ಮೇಲೆ ಹಚ್ಚಿದರೆ ಗುಣಕಾರಿ, ಚರ್ಮತಜ್ಞರು ಹಲವು ವರ್ಷಗಳಿಂದ ಬಳಸುತ್ತಿದ್ದಾರೆ. ಹಾಗಾದರೆ ನುಂಗಿದರೂ ಆಗಬೇಕಲ್ಲವೇ ಎಂದು ಎಲ್ಲರಿಗೂ ಅನಿಸಿತ್ತು. ನಾರ್ವೆ ದೇಶದಲ್ಲಿ ರಕ್ತದಲ್ಲಿ ವಿಟಮಿನ್-ಡಿ ಕಡಿಮೆಯಿದ್ದ 122 ಸೋರಿಯಾಸಿಸ್ ರೋಗಿಗಳ ಮೇಲೆ ಚಳಿಗಾಲದಲ್ಲಿ ಪ್ರಯೋಗ ಮಾಡಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಲ್ಕು ತಿಂಗಳು ವಿಟಮಿನ್ ನುಂಗಿದವರಿಗೂ ಬರಿಯ ಹುಸಿಗುಳಿಗೆ ನುಂಗಿದವರಿಗೂ ಚರ್ಮದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೂಳೆಯ ಆರೋಗ್ಯಕ್ಕೆ ಕೊರತೆ ತುಂಬಿಸಿಕೊಳ್ಳಿ, ಚರ್ಮಕ್ಕೆಂದು ಲೆಕ್ಕವಿಲ್ಲದೆ ನುಂಗಬೇಡಿ. ಹೆಚ್ಚಾದರೆ ರಕ್ತದಲ್ಲಿ ಸುಣ್ಣದಂಶ ಏರಿ ಮೂತ್ರಪಿಂಡಕ್ಕೆ ಹಾನಿ.

ಮೀನೆಣ್ಣೆ: ಕೆಲವು ಪ್ರಯೋಗಗಳಲ್ಲಿ ಅಲ್ಪ ಪ್ರಯೋಜನ, ಕೆಲವದರಲ್ಲಿ ಏನೂ ಇಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹೆಚ್ಚು ಪ್ರಮಾಣದಲ್ಲಿ ಸೇವಿಸಬಾರದು. ಮೀನು ತಿನ್ನುವ ಮನೆಯವರು ವಾರಕ್ಕೆರಡು ಬಾರಿ ಭೂತಾಯಿ, ಬಂಗುಡೆ ತಿಂದರೆ ಕಡಿಮೆ ಖರ್ಚಿನಲ್ಲಿ ಅದೇ ಎಣ್ಣೆ ದೊರೆಯುತ್ತದೆ.

ಅರಿಶಿನ: ಇದರ ಕುರ್ಕ್ಯುಮಿನ್ ಅಂಶದ ಮೇಲೆ ಕೆಲವು ಸಣ್ಣ ಅಧ್ಯಯನಗಳು ಆಶಾದಾಯಕವಾಗಿವೆ. ಸಾರಿಗೆ ಹಾಕುವ ಅರಿಶಿನದಿಂದ ಯಾವ ಭಯವೂ ಇಲ್ಲ. ಆದರೆ ಮೆಣಸಿನ ಸಾರ ಸೇರಿಸಿ ಸಾಂದ್ರಗೊಳಿಸಿದ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಹಲವು ದೇಶಗಳಿಂದ ವರದಿಯಾಗಿವೆ. ಸೋರಿಯಾಸಿಸ್‌ನ ಮುಖ್ಯ ಮಾತ್ರೆಯೇ ಯಕೃತ್ತಿನ ಮೇಲೆ ಕಣ್ಣಿಟ್ಟು ಕೊಡಬೇಕಾದದ್ದು. ಎರಡೂ ಸೇರಿದರೆ ಅಪಾಯ.

ಬಯೋಟಿನ್: ಕೂದಲು, ಉಗುರಿಗೆಂದು ಮಾರುವ ಈ ವಿಟಮಿನ್ ಸೋರಿಯಾಸಿಸ್‌ಗೆ ಸಹಾಯ ಮಾಡುವುದಿಲ್ಲ. ಮೇಲಾಗಿ, ಹೆಚ್ಚಿನ ಪ್ರಮಾಣದಲ್ಲಿ ಸೇವಿಸುತ್ತಿದ್ದರೆ ಥೈರಾಯ್ಡ್ ಪರೀಕ್ಷೆ, ಹೃದಯಾಘಾತದ ರಕ್ತಪರೀಕ್ಷೆಗಳ ಫಲಿತಾಂಶ ತಪ್ಪಾಗಿ ಬರಬಹುದು. ರಕ್ತ ಕೊಡುವಾಗ ಇದನ್ನು ತಪ್ಪದೆ ತಿಳಿಸಿ.

ವಿಟಮಿನ್-ಎ: ಅಸಿಟ್ರೆಟಿನ್ ಎಂಬ ಸೋರಿಯಾಸಿಸ್ ಔಷಧಿ ವಿಟಮಿನ್-ಎ ಕುಟುಂಬಕ್ಕೆ ಸೇರಿದ್ದು. ಅದನ್ನು ತೆಗೆದುಕೊಳ್ಳುವವರು ಮತ್ತೆ ವಿಟಮಿನ್-ಎ ನುಂಗಿದರೆ ವಿಷವಾಗುತ್ತದೆ. ಜಿಂಕ್, ಸೆಲೀನಿಯಂಗಳನ್ನು ಪರೀಕ್ಷಿಸಿ ನೋಡಿದ್ದಾರೆ, ಗಮನಾರ್ಹ ಪ್ರಯೋಜನ ಕಂಡಿಲ್ಲ.

ಇನ್ನು, ಹೆಸರು ವಿವರ ಇಲ್ಲದ ಪುಡಿಗಳು. ಎರಡೇ ವಾರದಲ್ಲಿ ಚಮತ್ಕಾರದಂತೆ ಮೈ ತಿಳಿಯಾದರೆ ಸಂತೋಷಕ್ಕಿಂತ ಮೊದಲು ಸಂಶಯ ಪಡಿ. ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು. ಸ್ಟೀರಾಯ್ಡ್ ನುಂಗಿದಾಗ ಸೋರಿಯಾಸಿಸ್ ಅಡಗುತ್ತದೆ, ನಿಲ್ಲಿಸಿದ ಕೂಡಲೇ ಎರಡು ಪಟ್ಟಾಗಿ ಏಳಬಹುದು, ಮೈತುಂಬ ಕೀವುಗುಳ್ಳೆ ಏಳಬಹುದು.

ಊಟದಲ್ಲಿ ನಿಜವಾಗಿ ಸಹಾಯ ಮಾಡುವುದು

ಹೊಟ್ಟೆಯ ದಾರಿಯಿಂದ ಚರ್ಮಕ್ಕೆ ಒಳಿತು ಮಾಡುವ ಉಪಾಯಗಳು ಇಲ್ಲದಿಲ್ಲ. ಅವು ಪೊಟ್ಟಣದಲ್ಲಿ ಬರುವುದಿಲ್ಲ, ಅಷ್ಟೆ.

ಮೊದಲನೆಯದು, ತೂಕ. ಹೊಟ್ಟೆಯ ಸುತ್ತಲಿನ ಕೊಬ್ಬು ಸುಮ್ಮನೆ ಕೂರುವ ಗಂಟಲ್ಲ, ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ತೂಕ ಹೆಚ್ಚಿರುವವರು ಇಳಿಸಿಕೊಂಡರೆ ಸೋರಿಯಾಸಿಸ್ ತಗ್ಗುವ ಸಂಭವವಿದೆ, ಔಷಧಿಯೂ ಚೆನ್ನಾಗಿ ಹಿಡಿಯುತ್ತದೆ. ಅಮೆರಿಕದ ರಾಷ್ಟ್ರೀಯ ಸೋರಿಯಾಸಿಸ್ ಪ್ರತಿಷ್ಠಾನದ ವೈದ್ಯಮಂಡಲಿ ಇದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ 2018ರಲ್ಲಿ ಆಹಾರದ ಬಗ್ಗೆ ಸಲಹೆ ಪ್ರಕಟಿಸಿತು. ಅದು ಬಲವಾಗಿ ಹೇಳಿದ್ದು ಇದೊಂದನ್ನೇ: ತೂಕ ಹೆಚ್ಚಿದ್ದವರು ಊಟದ ಪ್ರಮಾಣ ತಗ್ಗಿಸಿ ತೂಕ ಇಳಿಸಬೇಕು.

ಎರಡನೆಯದು, ಕುಡಿತ ಮತ್ತು ಬೀಡಿ. ಎರಡೂ ಸೋರಿಯಾಸಿಸ್ಸನ್ನು ಕೆರಳಿಸುತ್ತವೆ. ಕುಡಿತವಂತೂ ಔಷಧಿಯನ್ನೇ ವಿಷವಾಗಿಸುತ್ತದೆ.

ಮೂರನೆಯದು, ಗೋಧಿಯ ಪ್ರಶ್ನೆ. ಗ್ಲುಟನ್ ಇಲ್ಲದ ಹಿಟ್ಟೆಂದು ದುಬಾರಿ ಪೊಟ್ಟಣಗಳು ಬಂದಿವೆ. ಮೇಲೆ ಹೇಳಿದ ಸಲಹೆಯ ಪ್ರಕಾರ ಗ್ಲುಟನ್ ಬಿಡಬೇಕಾದವರು ರಕ್ತಪರೀಕ್ಷೆಯಲ್ಲಿ ಗ್ಲುಟನ್ ಒಗ್ಗದಿರುವುದು ಕಂಡುಬಂದ ರೋಗಿಗಳು ಮಾತ್ರ. ಗೋಧಿ ತಿಂದಾಗ ಹೊಟ್ಟೆ ಕೆಡುವವರು ಗೋಧಿ ಬಿಡುವ ಮೊದಲೇ ಆ ಪರೀಕ್ಷೆ ಮಾಡಿಸಬೇಕು, ಬಿಟ್ಟ ಮೇಲೆ ಮಾಡಿಸಿದರೆ ಪತ್ತೆಯಾಗದೆ ಹೋಗಬಹುದು. ಅಷ್ಟಕ್ಕೂ ನಮ್ಮ ರಾಗಿಯಲ್ಲಿ, ಅಕ್ಕಿಯಲ್ಲಿ, ಜೋಳದಲ್ಲಿ ಗ್ಲುಟನ್ ಇಲ್ಲವೇ ಇಲ್ಲ. ಎರಡು ಹೊತ್ತು ಮುದ್ದೆ ಉಣ್ಣುವ ಅರಸೀಕೆರೆ ಸೀಮೆಯ ರೈತ ಗ್ಲುಟನ್ ಇಲ್ಲದ ಹಿಟ್ಟನ್ನು ಪೇಟೆಯಿಂದ ತರುವುದು, ಇಲ್ಲಿಯವರು ತೆಂಗಿನಕಾಯಿಯನ್ನು ಹೊರಗಿನಿಂದ ಕೊಂಡಂತೆ! ಮುದ್ದೆ ಸ್ವಲ್ಪ ಸಣ್ಣದಾಗಲಿ, ಸೊಪ್ಪು ಕಾಳಿನ ಸಾರು ಹೆಚ್ಚಾಗಲಿ. ಬೇಕರಿ ತಿಂಡಿ, ಕರಿದದ್ದು, ಸಿಹಿ ಕಡಿಮೆಯಾಗಲಿ.

ಕಿಣ್ವವನ್ನು ತಡೆಯುವ ಮಾತ್ರೆ

ಸೋಜಿಗದ ಸಂಗತಿಯೊಂದಿದೆ. ಸೋರಿಯಾಸಿಸ್ ಮೈತುಂಬ ಹರಡಿದಾಗ ಜಗತ್ತಿನಾದ್ಯಂತ ವೈದ್ಯರು ದಶಕಗಳಿಂದ ನೆಚ್ಚಿರುವ ಅಗ್ಗದ ಮಾತ್ರೆ ಮೆಥೋಟ್ರೆಕ್ಸೇಟ್. ಅದು ಕಿಣ್ವವನ್ನು ಕೊಡುವುದಿಲ್ಲ, ಬದಲಿಗೆ ಒಂದು ಕಿಣ್ವವನ್ನು ತಡೆಯುತ್ತದೆ! ಫೋಲಿಕ್ ಆಮ್ಲವನ್ನು ಬಳಕೆಗೆ ತರುವ ಕಿಣ್ವ ಅದು. ಈ ಔಷಧಿಗಳ ಗುಂಪು ಹುಟ್ಟಿದ್ದು ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ, ಆಂಧ್ರದ ಭೀಮವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳ್ತನದಲ್ಲಿ. ಮಕ್ಕಳ ರಕ್ತಕ್ಯಾನ್ಸರಿಗೆಂದು ಮೊದಲು ಬಳಸಿದರು. ಇದರ ಸೋದರ ಔಷಧಿಯಾದ ಅಮಿನೋಪ್ಟೆರಿನ್ ಪಡೆದ ರೋಗಿಗಳಲ್ಲಿ ಸೋರಿಯಾಸಿಸ್ ಮಾಯವಾಗುವುದನ್ನು 1951ರಲ್ಲಿ ವೈದ್ಯರು ಗಮನಿಸಿದರು. 1948ರಲ್ಲೇ ತೀರಿಕೊಂಡಿದ್ದ ಸುಬ್ಬರಾವ್ ಅದನ್ನು ನೋಡಲಿಲ್ಲ.

ಈ ಮಾತ್ರೆಯ ವಿಷಯದಲ್ಲಿ ಪ್ರತಿ ಮನೆಯವರೂ ನೆನಪಿಡಬೇಕಾದ ನಿಯಮ ಇದು: ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ತಪ್ಪಿ ದಿನವೂ ನುಂಗಿದವರು ಪ್ರಾಣ ಕಳೆದುಕೊಂಡಿದ್ದಾರೆ. ಸಂತೆಯ ದಿನವೋ, ಸೋಮವಾರವೋ, ಒಂದು ವಾರ ಗೊತ್ತುಮಾಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವೈದ್ಯರು ಕೊಡುವ ಫೋಲಿಕ್ ಆಮ್ಲದ ಮಾತ್ರೆಯನ್ನು ಅವರು ಹೇಳಿದ ಬೇರೆ ದಿನ ನುಂಗಿ. ಸೋರಿಯಾಸಿಸ್ ರೋಗಿಗೆ ನಿಜವಾಗಿ ಬೇಕಾಗುವ 'ಪೂರಕ' ಇದೊಂದೇ, ಬೆಲೆಯೂ ಕಡಿಮೆ. ಕಾಲಕಾಲಕ್ಕೆ ರಕ್ತ, ಯಕೃತ್ತು, ಮೂತ್ರಪಿಂಡದ ಪರೀಕ್ಷೆ ಮಾಡಿಸಲೇಬೇಕು. ಮದ್ಯ ಮುಟ್ಟಬಾರದು. ಗರ್ಭಿಣಿಯರು ಮತ್ತು ಗರ್ಭ ಧರಿಸಬಯಸುವವರು ತೆಗೆದುಕೊಳ್ಳಲೇಬಾರದು. ಬೇರೆ ಕಾಯಿಲೆಗೆ ಮಾತ್ರೆ ಬರೆಸುವಾಗ, ಅದರಲ್ಲೂ ಸಲ್ಫಾ ಬೆರೆತ ಟ್ರೈಮೆಥೋಪ್ರಿಂ ಮಾತ್ರೆ ಅಥವಾ ನೋವಿನ ಮಾತ್ರೆ ಕೊಡುವಾಗ, ಈ ಔಷಧಿ ನುಂಗುತ್ತಿರುವುದನ್ನು ಬಾಯಿಬಿಟ್ಟು ಹೇಳಿ.

ಎಲ್ಲರಿಗೂ ಮಾತ್ರೆ ಬೇಕಿಲ್ಲ. ಅಲ್ಪಸ್ವಲ್ಪ ಇರುವವರಿಗೆ ಮುಲಾಮು ಸಾಕು. ಹೆಚ್ಚಿದ್ದವರಿಗೆ ವಿಶೇಷ ದೀಪದ ನೇರಳಾತೀತ ಕಿರಣದ ಚಿಕಿತ್ಸೆ, ಇತರ ಮಾತ್ರೆ, ಇಂಟರ್‌ಲ್ಯೂಕಿನ್‌ಗಳನ್ನೇ ತಡೆಯುವ ಚುಚ್ಚುಮದ್ದು ಇವೆ. ಚುಚ್ಚುಮದ್ದು ದುಬಾರಿ, ಕೊಡುವ ಮೊದಲು ಕ್ಷಯರೋಗ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಯಾವುದು ಯಾರಿಗೆ ಎಂಬುದನ್ನು ಚರ್ಮತಜ್ಞರು ನಿರ್ಧರಿಸಲಿ. ಯಾವ ಚಿಕಿತ್ಸೆಯೂ ಸೋರಿಯಾಸಿಸ್ಸನ್ನು ಬೇರುಸಹಿತ ಕಿತ್ತುಹಾಕುವುದಿಲ್ಲ, ಹತೋಟಿಯಲ್ಲಿಡುತ್ತದೆ. ಶಾಶ್ವತವಾಗಿ ವಾಸಿ ಎಂದು ಬರೆದುಕೊಡುವವರನ್ನು ನಂಬಬೇಡಿ.

ಮನೆಯಲ್ಲಿ ಆರೈಕೆ

ಹಂಡೆಯ ಸುಡುನೀರಿನ ಸ್ನಾನ ತುರಿಕೆ ಇರುವವರಿಗೆ ಹಿತವೆನಿಸುತ್ತದೆ, ಆದರೆ ಚರ್ಮವನ್ನು ಒಣಗಿಸುತ್ತದೆ. ಉಗುರುಬೆಚ್ಚನೆಯ ನೀರು ಸಾಕು. ಹೊಪ್ಪಳೆ ಕಿತ್ತುಬರಲೆಂದು ನಾರಿನಿಂದ ಉಜ್ಜಬೇಡಿ, ಉಜ್ಜಿದ ಕಡೆ ಹೊಸದು ಏಳುತ್ತದೆ. ಮೈ ಒರೆಸಿದ ಕೂಡಲೇ, ಚರ್ಮ ಇನ್ನೂ ಹಸಿಯಾಗಿರುವಾಗ, ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ. ತಲೆಯ ಹೊಪ್ಪಳೆಗೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಬೆಳಿಗ್ಗೆ ತೊಳೆದರೆ ಮೆದುವಾಗಿ ಬಿಡುತ್ತದೆ. ಎಣ್ಣೆ ರೋಗವನ್ನು ವಾಸಿ ಮಾಡುವುದಿಲ್ಲ, ಬಿರುಕು ಮತ್ತು ತುರಿಕೆಯನ್ನು ತಗ್ಗಿಸುತ್ತದೆ.

ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಬೇಡಿ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ.

ಚರ್ಮದ ಕಾಯಿಲೆ ನಾಗದೋಷವೆಂದು ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತವರೂ ಇದ್ದಾರೆ. ಹೋಗಿ ಬನ್ನಿ, ಮನಸ್ಸಿಗೆ ನೆಮ್ಮದಿ ಸಿಗಲಿ. ನೆಮ್ಮದಿಯೂ ಈ ಕಾಯಿಲೆಗೆ ಬೇಕು. ಆದರೆ ಹೋಗುವಾಗ ಮಾತ್ರೆ ಚೀಲದಲ್ಲಿರಲಿ.

ತಡಮಾಡದೆ ವೈದ್ಯರನ್ನು ಕಾಣಬೇಕಾದುದು ಯಾವಾಗ?

ಮೈಯ ಬಹುಭಾಗ ಕೆಂಪಾಗಿ ಚರ್ಮ ಉದುರುತ್ತಿದ್ದರೆ, ಚಳಿ ನಡುಕ ಬಂದರೆ, ಮೈತುಂಬ ಕೀವುಗುಳ್ಳೆ ಎದ್ದರೆ ಅದು ತುರ್ತು ಪರಿಸ್ಥಿತಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ಏಳುವಾಗ ಕೀಲುಗಳು ಬಿಗಿಯುವುದು, ಬೆರಳು ಊದುವುದು, ಹಿಮ್ಮಡಿ ನೋವು, ಉಗುರಿನಲ್ಲಿ ಸೂಜಿಯಿಂದ ಚುಚ್ಚಿದಂಥ ಗುಳಿಗಳು ಕಂಡರೆ ಕೀಲಿಗೂ ರೋಗ ಹಬ್ಬಿರಬಹುದು. ತಡಮಾಡಿದರೆ ಬೆರಳುಗಳು ಶಾಶ್ವತವಾಗಿ ಡೊಂಕಾಗುತ್ತವೆ. ಸೋರಿಯಾಸಿಸ್ ಇರುವವರು ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ಪರೀಕ್ಷೆಯನ್ನೂ ಆಗಾಗ ಮಾಡಿಸಿಕೊಳ್ಳಬೇಕು.

ಪೊಟ್ಟಣ ಕೊಳ್ಳುವ ಮುನ್ನ

ಯಾರಾದರೂ ಪೂರಕದ ಪೊಟ್ಟಣ ಮಾರಲು ಬಂದರೆ ಮೂರು ಕೆಲಸ ಮಾಡಿ.

1. ಚೀಟಿ ಓದಿ. ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮದಂತೆ ಇಂಥ ಪೂರಕಗಳ ಮೇಲೆ 'ಔಷಧೀಯ ಬಳಕೆಗಲ್ಲ' ಎಂಬ ಅರ್ಥದ ಮಾತನ್ನು ಮುದ್ರಿಸಲೇಬೇಕು. ಮಾರುವವನ ಬಾಯಿ ಒಂದು ಹೇಳಿ ಪೊಟ್ಟಣ ಇನ್ನೊಂದು ಹೇಳಿದರೆ ಪೊಟ್ಟಣವನ್ನೇ ನಂಬಿ.

2. 'ಈಗಿನ ಔಷಧಿ ಬಿಡಬೇಕೇ?' ಎಂದು ಕೇಳಿ. ಬಿಡಿ ಎಂದರೆ ಅಲ್ಲಿಂದ ಏಳಿ.

3. 'ಹೆಚ್ಚಾದರೆ ಏನು ಮಾಡಬೇಕು?' ಎಂದು ಕೇಳಿ. ನಂಜು ಹೊರಬರುತ್ತಿದೆ ಎಂಬ ಉತ್ತರ ಬಂದರೆ, ಹೆಚ್ಚಾದರೂ ಗೆಲುವು, ಕಡಿಮೆಯಾದರೂ ಗೆಲುವು ಎನ್ನುವ ವ್ಯಾಪಾರ ಅದು ಎಂದು ತಿಳಿಯಿರಿ.

ಪೂರಕ ತೆಗೆದುಕೊಳ್ಳುತ್ತಿರುವುದನ್ನು ವೈದ್ಯರಿಂದ ಮುಚ್ಚಿಡಬೇಡಿ. ಬೈಯುತ್ತಾರೆಂಬ ಹೆದರಿಕೆ ಬೇಡ. ಪೊಟ್ಟಣವನ್ನು ಜೊತೆಗೇ ತನ್ನಿ, ಕೂತು ಓದೋಣ. ನಾವು ಬರೆದುಕೊಟ್ಟ ಟಾನಿಕ್ ಏತಕ್ಕೆಂದು ನಮ್ಮನ್ನೂ ಕೇಳಿ. ಹೇಳುವುದು ನಮ್ಮ ಕರ್ತವ್ಯ.

ಆ ರೈತರು ಈಗ ಮತ್ತೆ ವಾರದ ಮಾತ್ರೆಗೆ ಮರಳಿದ್ದಾರೆ. ಕುಡಿತ ಬಿಟ್ಟದ್ದನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ, ಆರು ಕಿಲೋ ಇಳಿದಿದ್ದಾರೆ. ಮೊಣಕೈ ಮೇಲೆ ರೂಪಾಯಿಯಗಲದ ಎರಡು ಮಚ್ಚೆ ಉಳಿದಿವೆ. ಮೊನ್ನೆ ಬಂದಾಗ ಹೊಟ್ಟೆ ಉಬ್ಬರವೆಂದರು. ಈ ಸಲ ಟಾನಿಕ್ ಬರೆಯಲಿಲ್ಲ. ಏನು ಉಂಡಿರಿ, ಎಷ್ಟು ಹೊತ್ತಿಗೆ ಉಂಡಿರಿ ಎಂದು ಕೇಳಿದೆ. ರಾತ್ರಿ ಹತ್ತು ಗಂಟೆಗೆ ಹುರುಳಿಕಾಳು ಸಾರಿನಲ್ಲಿ ಎರಡು ಮುದ್ದೆ ಉಂಡು ಕೂಡಲೇ ಮಲಗಿದ್ದರಂತೆ. ಎಂಟು ಗಂಟೆಯೊಳಗೆ ಒಂದೇ ಮುದ್ದೆ ಉಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಾಡಿ ಎಂದು ಹೇಳಿ ಕಳುಹಿಸಿದೆ.